ಅಪ್ಪನಿಗೆ ಅದೇ ನಡಿಗೆಗೆ ಈಗ ಜಾಸ್ತಿ ದಮ್ಮು ಹತ್ತುತ್ತಿದೆ: ಇದರಲ್ಲಿ ವಯಸ್ಸಿನ ಪಾಲು ಎಷ್ಟು?

ಗಾರ್ಡನ್ ಗೇಟ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಈಗ 68. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ಒಂದು ಮಾತ್ರೆ ಇದೆ. ಮುಂಜಾನೆ ಬಿಸಿಲೇರುವ ಮೊದಲು ನಾವಿಬ್ಬರೂ ಸಾರ್ವಜನಿಕ ಉದ್ಯಾನದಲ್ಲಿ ನಡೆಯುತ್ತೇವೆ. ಹಾದಿ ಒಂದೇ, ವೇಗ ಒಂದೇ. ನನಗೆ ಏನೂ ಅನಿಸುವುದಿಲ್ಲ. ಅಪ್ಪ ಮಾತ್ರ ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸುತ್ತಾರೆ. ಬಾಯಿ ತೆರೆದು ಉಸಿರಾಡಲು ಶುರು ಮಾಡುತ್ತಾರೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಳ್ಳುತ್ತಾರೆ. ಕೇಳಿದರೆ "ಏನಿಲ್ಲ ಬಿಡು, ಸ್ವಲ್ಪ ದಮ್ಮ ಹತ್ಯದ" ಅನ್ನುತ್ತಾರೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ 96, 97 ತೋರಿಸುತ್ತದೆ. ಡಾಕ್ಟರ್ ಎದೆಯ ಎಕ್ಸ್‌ರೇ, ಇಸಿಜಿ ನೋಡಿದರು. ಊದುವ ಪರೀಕ್ಷೆಯನ್ನೂ ಮಾಡಿಸಿದರು. "ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಅಂದರು. ಸಮಾಧಾನ ಆಯ್ತು, ಆದರೆ ಅರ್ಥ ಆಗಲಿಲ್ಲ. ಶ್ವಾಸಕೋಶ ಚೆನ್ನಾಗಿದೆ, ರಕ್ತದಲ್ಲಿ ಆಕ್ಸಿಜನ್ ಸರಿ ಇದೆ ಅಂದಮೇಲೆ ನನಗಿಂತ ಅಷ್ಟು ಜಾಸ್ತಿ ಉಸಿರು ಯಾಕೆ ಬೇಕು? ಅಪ್ಪ ಈಗ ನಡಿಗೆಯನ್ನೇ ಬಿಡುವ ಮಾತಾಡುತ್ತಿದ್ದಾರೆ. ನನಗೆ ಅದೇ ದೊಡ್ಡ ಚಿಂತೆ. ತಿಳಿದವರು ಬಿಡಿಸಿ ಹೇಳಿ.

ಬಿಸಿಲುನಾಡು

ಸರ್, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ವಯಸ್ಸಾದ ಮೇಲೆ ದಮ್ಮು ಕಡಿಮೆ ಆಗೇ ಆಗುತ್ತದೆ. ನಮ್ಮ ಕಾಕಾ ಅರವತ್ತು ದಾಟಿದ ಮೇಲೆ ನಡಿಗೆ ಬಿಟ್ಟು ಮನೆಯಲ್ಲೇ ಪ್ರಾಣಾಯಾಮ ಮಾಡುತ್ತಾರೆ. ಆರಾಮ ಇದ್ದಾರೆ. ಹಿರಿಯರಿಗೆ ಒತ್ತಾಯ ಮಾಡುವುದು ಬೇಡ. ಇರುವ ಉಸಿರನ್ನು ಉಳಿಸಿಕೊಳ್ಳಲಿ.

ಫಿಸಿಯೋ ಅಕ್ಕ, ಸೇಡಂ ರಸ್ತೆ

ಬಿಸಿಲುನಾಡು ಅಣ್ಣಾ, ಉಸಿರು ಉಳಿಸಿಕೊಳ್ಳುವ ಮಾತಿಗೆ ಆಮೇಲೆ ಬರುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ.

ಗಾರ್ಡನ್ ಗೇಟ್ ಅವರೇ, ನೀವು ಗಮನಿಸಿದ್ದು ಸರಿಯಾಗಿದೆ. ಒಂದೇ ವೇಗದಲ್ಲಿ ನಡೆದರೂ ಅರವತ್ತೈದು ದಾಟಿದವರು ಮೂವತ್ತರ ಹರೆಯದವರಿಗಿಂತ ನಿಮಿಷಕ್ಕೆ ಜಾಸ್ತಿ ಗಾಳಿ ಎಳೆದು ಬಿಡಬೇಕಾಗುತ್ತದೆ. ಯಾವ ಕಾಯಿಲೆ ಇಲ್ಲದ ಹಿರಿಯರಲ್ಲೂ ಹೀಗೇ. ಕಾರಣ ಮಾತ್ರ ಒಂದಲ್ಲ.

ಶ್ವಾಸಕೋಶಕ್ಕೆ ಹಿಗ್ಗಿದ ಮೇಲೆ ತಾನಾಗಿ ಕುಗ್ಗುವ ಗುಣ ಇದೆ. ಸುಮ್ನೆ ಕೂತಾಗ ಉಸಿರು ಬಿಡಲು ನಾವು ಯಾವ ಶ್ರಮವನ್ನೂ ಪಡುವುದಿಲ್ಲ, ಈ ಗುಣದಿಂದಲೇ ಗಾಳಿ ಹೊರಗೆ ಬರುತ್ತದೆ. ವಯಸ್ಸಾದಂತೆ ಅದು ಹಳೆ ಇಲಾಸ್ಟಿಕ್ ತರಹ ಸಡಿಲ ಆಗುತ್ತದೆ. ಅದೇ ಹೊತ್ತಿಗೆ ಎದೆಗೂಡು ಬಿಗಿ ಆಗುತ್ತದೆ. ಪಕ್ಕೆಲುಬನ್ನು ಎದೆಯ ಮೂಳೆಗೆ ಸೇರಿಸುವ ಮೆತ್ತನೆಯ ಎಲುಬಿನಲ್ಲಿ ಕ್ಯಾಲ್ಸಿಯಂ ಕೂಡುತ್ತದೆ, ಬೆನ್ನು ಸ್ವಲ್ಪ ಬಾಗುತ್ತದೆ. ಒಳಗಿನದು ಸಡಿಲ, ಹೊರಗಿನದು ಬಿಗಿ. ಹೀಗಾಗಿ ಎಷ್ಟೇ ಜೋರಾಗಿ ಊದಿದರೂ ಒಳಗೇ ಉಳಿದುಬಿಡುವ ಗಾಳಿ ಹೆಚ್ಚುತ್ತದೆ. 20ರಿಂದ 70ನೇ ವಯಸ್ಸಿನೊಳಗೆ ಅದು ಸುಮಾರು ಅರ್ಧದಷ್ಟು ಜಾಸ್ತಿ ಆಗುತ್ತದೆ. ಶ್ವಾಸಕೋಶದ ಒಟ್ಟು ಗಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಅಂದರೆ ಬಳಸಲು ಸಿಗುವ ಪಾಲು ಕಡಿಮೆ ಆಯ್ತು ಅಂತ ಅರ್ಥ.

ಇನ್ನು ಗಾಳಿಗೂಡುಗಳು. ರಕ್ತಕ್ಕೆ ಆಕ್ಸಿಜನ್ ಸೇರುವುದು, ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಅಲ್ಲೇ. ಮೂವತ್ತರಲ್ಲಿ ಅವುಗಳ ಒಟ್ಟು ಹರವು ಸುಮಾರು 75 ಚದರ ಮೀಟರ್ ಇದ್ದರೆ, ಎಪ್ಪತ್ತರ ಹೊತ್ತಿಗೆ 60ರ ಹತ್ತಿರ ಬರುತ್ತದೆ. ಗಾಳಿ ಹೋದ ಕಡೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರಕ್ತ ಹರಿದ ಕಡೆ ಗಾಳಿ ಪೂರ್ತಿ ತಲುಪುವುದಿಲ್ಲ. ಪ್ರತಿ ಉಸಿರಿನಲ್ಲೂ ಕೆಲಸಕ್ಕೆ ಬಾರದೆ ಹೋಗುವ ಗಾಳಿ ಜಾಸ್ತಿ ಆಗುತ್ತದೆ. ಆ ಕೊರತೆ ತುಂಬಲು ದೇಹ ಉಸಿರನ್ನೇ ಏರಿಸುತ್ತದೆ.

ನಿಮ್ಮ ಅಪ್ಪನ ಆಕ್ಸಿಮೀಟರ್ 97 ತೋರಿಸುವುದು ಇದರಿಂದಲೇ. ಜಾಸ್ತಿ ಉಸಿರಾಡುತ್ತಿರುವುದರಿಂದಲೇ ಎಲ್ಲ ಸಮ ಇದೆ. ಇನ್ನೊಂದು ವಿಷಯ, ಉಸಿರಿನ ವೇಗವನ್ನು ಹೆಚ್ಚಾಗಿ ಆಳುವುದು ಆಕ್ಸಿಜನ್ ಅಲ್ಲ, ಇಂಗಾಲದ ಡೈಆಕ್ಸೈಡ್. ಅದನ್ನು ಬೆರಳಿನ ಯಂತ್ರ ಅಳೆಯುವುದೇ ಇಲ್ಲ. ಆರೋಗ್ಯವಾಗಿರುವ ಹಿರಿಯರು ನಡೆಯುವಾಗ ಅದನ್ನೂ ಸಮವಾಗಿಯೇ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಕೊಡುವ ಬೆಲೆ ಆ ಹೆಚ್ಚಿನ ಉಸಿರು.

"ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಅನ್ನುವುದರ ಅರ್ಥ ಅವರ ವಯಸ್ಸಿನ, ಅವರ ಎತ್ತರದ ಗಂಡಸರ ಜೊತೆ ಹೋಲಿಸಿದರೆ ಚೆನ್ನಾಗಿದೆ ಅಂತ. ನಿಮ್ಮ ಜೊತೆ ಹೋಲಿಸಿ ಅಲ್ಲ. ಊದುವ ಪರೀಕ್ಷೆಯಲ್ಲಿ ಮೊದಲ ಒಂದು ಸೆಕೆಂಡಿಗೆ ಹೊರಬರುವ ಗಾಳಿ 25ರ ಆಸುಪಾಸಿನಲ್ಲಿ ಗರಿಷ್ಠ ಇರುತ್ತದೆ. ಆಮೇಲೆ ಕೆಲವು ವರ್ಷ ಹಾಗೇ ಇದ್ದು, ಸಿಗರೇಟು ಸೇದದವರಲ್ಲೂ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಇಳಿಯುತ್ತಾ ಹೋಗುತ್ತದೆ. ಸೇದುವವರಲ್ಲಿ ಇಳಿತ ಇದಕ್ಕಿಂತ ಬಹಳ ಬೇಗ.

ಗಣಿತದ ಮೇಷ್ಟ್ರು, ಬ್ರಹ್ಮಪುರ

ನನಗೆ 71. ಅಕ್ಕೋರು ಹೇಳಿದ "ಕೆಲಸಕ್ಕೆ ಬಾರದ ಗಾಳಿ"ಯನ್ನು ಲೆಕ್ಕದಲ್ಲಿ ತೋರಿಸುತ್ತೇನೆ. ನನಗೆ ವಿಷಯ ತಲೆಗೆ ಹತ್ತಿದ್ದು ಹೀಗೆ.

ಮೂಗಿನಿಂದ ಗಾಳಿಗೂಡಿನವರೆಗಿನ ಕೊಳವೆಗಳಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಸುಮ್ನೆ ಕೂತಿರುತ್ತದೆ. ಅದು ರಕ್ತಕ್ಕೆ ತಲುಪುವುದಿಲ್ಲ. ಈಗ ನಿಮಿಷಕ್ಕೆ 20 ಸಲ, ಪ್ರತಿ ಸಲ 500 ಮಿಲಿಲೀಟರ್ ಎಳೆದರೆ ಒಟ್ಟು 10 ಲೀಟರ್. ಅದರಲ್ಲಿ 3 ಲೀಟರ್ ವ್ಯರ್ಥ, 7 ಲೀಟರ್ ಕೆಲಸಕ್ಕೆ. ಅದೇ 10 ಲೀಟರನ್ನು 40 ಸಲ 250ರಂತೆ ಎಳೆದರೆ? 6 ಲೀಟರ್ ವ್ಯರ್ಥ, ಬರೀ 4 ಲೀಟರ್ ಕೆಲಸಕ್ಕೆ. ಎದೆ ಎರಡು ಪಟ್ಟು ಓಡಿದೆ, ಸಿಕ್ಕಿದ್ದು ಕಡಿಮೆ. ವಯಸ್ಸಾದವರಲ್ಲಿ ಆ 150 ಕೂಡ ಜಾಸ್ತಿ ಆಗಿರುತ್ತದೆ.

ದಮ್ಮು ಹತ್ತಿದಾಗ ನಾವು ಹೆದರಿ ಚಿಕ್ಕ ಚಿಕ್ಕ ಉಸಿರು ತೆಗೆಯುತ್ತೇವೆ. ಆಗ ಈ ಲೆಕ್ಕ ನಮ್ಮ ವಿರುದ್ಧ ತಿರುಗುತ್ತದೆ. ನಾನು ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಈಗ ಮನಸ್ಸಿನಲ್ಲೇ ಎಣಿಸುತ್ತೇನೆ: ಎರಡು ಮೆಟ್ಟಿಲಿಗೆ ಎಳೆದುಕೊಳ್ಳುವುದು, ಮೂರು ಮೆಟ್ಟಿಲಿಗೆ ಬಿಡುವುದು. ಬಿಡುವುದು ಉದ್ದ ಇರಬೇಕು. ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದೆ.

ಗಾರ್ಡನ್ ಗೇಟ್, ಕಲಬುರಗಿ

ಮೇಷ್ಟ್ರೇ, ಅಕ್ಕೋರೇ, ಇಷ್ಟು ಬಿಡಿಸಿ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮೇಲ್ಸೇತುವೆ ಅಂದಿದ್ದಕ್ಕೆ ನೆನಪಾಯ್ತು. ಅಪ್ಪನಿಗೆ ಮೆಟ್ಟಿಲು ಹತ್ತುವಾಗ ಅಷ್ಟು ತೇಕು ಬರುವುದಿಲ್ಲ. ಮೇಲೆ ಹೋಗಿ ನಿಂತ ಮೇಲೆ ಬರುತ್ತದೆ! ಕಂಬಿ ಹಿಡಿದು ನಿಲ್ಲುತ್ತಾರೆ. ಕೆಲಸ ಮುಗಿದ ಮೇಲೆ ಯಾಕೆ ಜಾಸ್ತಿ?

ಫಿಸಿಯೋ ಅಕ್ಕ, ಸೇಡಂ ರಸ್ತೆ

ಮೆಟ್ಟಿಲು ಹತ್ತುವುದಕ್ಕೆ ಸಮತಟ್ಟಾದ ನಡಿಗೆಯ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಆದರೆ ಆ ಕೆಲಸ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಾಲು ಮೊದಲ ಹೆಜ್ಜೆಯಿಂದಲೇ ಪೂರ್ತಿ ಕೆಲಸ ಮಾಡುತ್ತದೆ, ಆದರೆ ಆಕ್ಸಿಜನ್ ಪೂರೈಕೆ ಮೊದಲ ಹೆಜ್ಜೆಗೇ ಪೂರ್ತಿ ಏರುವುದಿಲ್ಲ. ಹೃದಯ, ರಕ್ತನಾಳ, ಸ್ನಾಯು ಎಲ್ಲ ಹೊಂದಿಕೊಳ್ಳಲು ಹೊತ್ತು ಬೇಕು. ಆ ನಡುವೆ ಸ್ನಾಯುಗಳು ತಮ್ಮಲ್ಲಿದ್ದ ದಾಸ್ತಾನಿನಿಂದ ಕೆಲಸ ನಡೆಸುತ್ತವೆ. ಆ ಸಾಲವನ್ನು ಮೇಲೆ ಹೋಗಿ ನಿಂತ ಮೇಲೆ ತೀರಿಸಬೇಕು.

ತರುಣರಲ್ಲಿ ಈ ಏರಿಕೆಯ ಬಹುಪಾಲು ಬೇಗ ಮುಗಿಯುತ್ತದೆ. ವ್ಯಾಯಾಮ ಇಲ್ಲದ ಹಿರಿಯರಲ್ಲಿ ನಿಧಾನ. ಸಾಲ ದೊಡ್ಡದಾಗುತ್ತದೆ, ತೀರಿಸಲೂ ಜಾಸ್ತಿ ಹೊತ್ತು ಹಿಡಿಯುತ್ತದೆ. ನಿಮ್ಮ ಅಪ್ಪ ಕಂಬಿ ಹಿಡಿದು ನಿಂತಾಗ ಆಗುವುದು ಇದೇ.

ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ, ದಯವಿಟ್ಟು ಅಪ್ಪನಿಗೆ ಹೇಳಿ. ಎದೆಗೂಡು ಬಿಗಿ ಆಗಿದ್ದನ್ನು ನಾವು ವಾಪಸ್ ತಿರುಗಿಸಲಾರೆವು. ಆದರೆ ಈ ನಿಧಾನವನ್ನು ತಿರುಗಿಸಬಹುದು. ಕೆಲವು ವಾರ ತಪ್ಪದೆ ನಡೆದರೆ ಅಥವಾ ಸೈಕಲ್ ತುಳಿದರೆ ಎಪ್ಪತ್ತರವರಲ್ಲೂ ಆ ಏರಿಕೆ ಮತ್ತೆ ಚುರುಕಾಗುತ್ತದೆ. ಇದಲ್ಲದೆ ದಿನಾ ಶುರು ಮಾಡುವಾಗ ಮೊದಲ ಹತ್ತು ನಿಮಿಷ ಬಹಳ ನಿಧಾನ ನಡೆಯಲಿ. ಗೇಟು ದಾಟಿದ ಕೂಡಲೇ ಮಗನ ವೇಗಕ್ಕೆ ಹೊಂದಿಕೊಳ್ಳುವುದು ಬೇಡ. ನೀವು ಹೇಳಿದ "ಸ್ವಲ್ಪ ಹೊತ್ತಿಗೆ ಮಾತು ನಿಲ್ಲಿಸುತ್ತಾರೆ" ಅನ್ನುವುದರಲ್ಲಿ ಈ ಅವಸರದ ಶುರುವಿನ ಪಾಲು ದೊಡ್ಡದಿದೆ ಅಂತ ನನಗೆ ಅನಿಸುತ್ತದೆ.

ಬೀದರ್ ಓಟಗಾರ

58 ವರ್ಷ, ಬೀದರ್ ಕೋಟೆಯ ಸುತ್ತಮುತ್ತ ಓಡುತ್ತೇನೆ. ಅಕ್ಕೋರ ಮಾತಿಗೆ ಒಂದು ಗಟ್ಟಿ ಉದಾಹರಣೆ ಸೇರಿಸುತ್ತೇನೆ. ಎಲ್ಲರೂ ಓದಲೇಬೇಕಾದ ಕಥೆ ಇದು.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದೇಹ ಗರಿಷ್ಠ ಎಷ್ಟು ಆಕ್ಸಿಜನ್ ಬಳಸಬಲ್ಲದು ಅನ್ನುವುದನ್ನು ಮೊದಲೂ ಆಮೇಲೂ ಅಳೆದರು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐದು ಮಂದಿಯನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಾಗಿತ್ತು! ಆಮೇಲೆ ಅವರಿಗೆ ಆರು ತಿಂಗಳು ಹಂತ ಹಂತವಾಗಿ ವ್ಯಾಯಾಮ ಮಾಡಿಸಿದರು. ಐವತ್ತು ದಾಟಿದ ಅವರು 1966ರಲ್ಲಿ ಮಲಗುವ ಮೊದಲು ಇದ್ದ ಮಟ್ಟಕ್ಕೆ ವಾಪಸ್ ಬಂದರು. ಹೃದಯ ಬಡಿತದ ಗರಿಷ್ಠ ಮಿತಿ ಹೆಚ್ಚಲಿಲ್ಲ. ಸ್ನಾಯುಗಳು ರಕ್ತದಿಂದ ಆಕ್ಸಿಜನ್ ಹೀರಿಕೊಳ್ಳುವುದನ್ನು ಮತ್ತೆ ಕಲಿತವು.

ಬಿಸಿಲುನಾಡು ಅಣ್ಣಾ, ಉಸಿರು ಉಳಿಸಲು ಕೂರುವುದು ಅಂದರೆ ಹಾಸಿಗೆಯ ದಾರಿ. ಕೂತಷ್ಟೂ ಹೋಗುತ್ತದೆ.

ಬಿಸಿಲುನಾಡು

ನನ್ನ ಮಾತನ್ನು ಪೂರ್ತಿ ಹೊಡೆದುಹಾಕಬೇಡಿ. ಪ್ರಾಣಾಯಾಮದಿಂದ ಶ್ವಾಸಕೋಶಕ್ಕೆ ಬಲ ಬರುವುದಿಲ್ಲವಾ? ನಮ್ಮ ಹಿರಿಯರು ಸುಮ್ನೆ ಮಾಡಿದ್ದಲ್ಲ. ಮತ್ತೆ, ಓಡುವವರ ಶ್ವಾಸಕೋಶಕ್ಕೂ ವಯಸ್ಸು ಆಗೇ ಆಗುತ್ತದಲ್ವಾ?

ಫಿಸಿಯೋ ಅಕ್ಕ, ಸೇಡಂ ರಸ್ತೆ

ಅಣ್ಣಾ, ನಿಮ್ಮ ಎರಡನೇ ಪ್ರಶ್ನೆ ಬಹಳ ಒಳ್ಳೆಯದು. ಹೌದು, ಆಗುತ್ತದೆ. ನಲವತ್ತು ವರ್ಷ ಓಡಿದವರ ಶ್ವಾಸಕೋಶವೂ ವಯಸ್ಸಿನ ಜೊತೆ ಇಳಿಯುತ್ತಲೇ ಹೋಗುತ್ತದೆ. ವ್ಯಾಯಾಮದಿಂದ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಗಾಳಿಗೂಡು ಹೊಸದಾಗಿ ಹುಟ್ಟುವುದಿಲ್ಲ.

ಹಾಗಿದ್ದರೆ ಲಾಭ ಏನು? ಲಾಭ ಕಾಲಿನಲ್ಲಿದೆ. ಪಳಗಿದ ಸ್ನಾಯು ಅದೇ ಕೆಲಸಕ್ಕೆ ಕಡಿಮೆ ಆಮ್ಲ ಉಂಟುಮಾಡುತ್ತದೆ. ಆಮ್ಲ ಕಡಿಮೆ ಆದರೆ ಹೊರಹಾಕಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆ, ಉಸಿರಿನ ಬೇಡಿಕೆಯೂ ಕಡಿಮೆ. ಶ್ವಾಸಕೋಶ ಅದೇ ಇದ್ದರೂ ಅದರ ಮೇಲಿನ ಹೊರೆ ಇಳಿಯುತ್ತದೆ. ಅದಕ್ಕೇ ನಾನು ದಮ್ಮು ಅಂತ ಬಂದವರಿಗೆ ಮೊದಲು ಹೇಳಿಕೊಡುವುದು ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಕೈ ಊರದೆ ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ತೊಡೆ ಗಟ್ಟಿ ಆದರೆ ಮೆಟ್ಟಿಲಿನಲ್ಲಿ ತೇಕು ಇಳಿಯುತ್ತದೆ. "ಅಕ್ಕೋರೆ, ಎದಿ ತೋರ್ಸಾಕ ಬಂದ್ರ ಕಾಲಿಗ್ಯಾಕ ಕೆಲ್ಸ ಹಚ್ತೀರಿ" ಅಂತ ಅಜ್ಜಂದಿರು ಕೇಳುತ್ತಾರೆ. ಉತ್ತರ ಇದೇ.

ಪ್ರಾಣಾಯಾಮ ಬಿಡಿ ಅಂತ ನಾನು ಹೇಳುವುದೇ ಇಲ್ಲ. ನಿಧಾನ ಉಸಿರು, ಉದ್ದ ನಿಶ್ವಾಸ, ದಮ್ಮು ಹತ್ತಿದಾಗ ಗಾಬರಿ ಆಗದಿರುವುದು, ಇವೆಲ್ಲಕ್ಕೂ ಅದು ಒಳ್ಳೆಯದು. ಉಸಿರಿನ ಸ್ನಾಯುಗಳಿಗೂ ಅಭ್ಯಾಸ ಆಗುತ್ತದೆ. ಆದರೆ ಅದು ಕಾಲಿಗೆ ಕೆಲಸ ಕೊಡುವುದಿಲ್ಲ. ನಡಿಗೆಯ ಜಾಗವನ್ನು ಅದು ತುಂಬಲಾರದು. ಎರಡೂ ಇರಲಿ. ಕಾಕಾ ಅವರನ್ನೂ ದಯವಿಟ್ಟು ಮತ್ತೆ ನಡೆಸಿ.

ಮುತ್ಯಾನ ಮೊಮ್ಮಗ, ಶಹಾಬಾದ್

ಒಂದು ಅನುಮಾನ. ವಯಸ್ಸಾದವರಿಗೆ ಉಸಿರಿನ ಪ್ರತಿಕ್ರಿಯೆ ಮಂದ ಆಗುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೆ. ಇಲ್ಲಿ ಜಾಸ್ತಿ ಉಸಿರಾಡುತ್ತಾರೆ ಅಂತಿದ್ದೀರಿ. ಯಾವುದು ಸರಿ?

ಫಿಸಿಯೋ ಅಕ್ಕ, ಸೇಡಂ ರಸ್ತೆ

ಎರಡೂ ಸರಿ, ತಮ್ಮಾ. ಸುಮ್ನೆ ಕೂರಿಸಿ ಕಡಿಮೆ ಆಕ್ಸಿಜನ್ ಇರುವ ಗಾಳಿ ಅಥವಾ ಜಾಸ್ತಿ ಇಂಗಾಲದ ಡೈಆಕ್ಸೈಡ್ ಇರುವ ಗಾಳಿ ಕೊಟ್ಟು ನೋಡಿದರೆ ಹಿರಿಯರ ಉಸಿರು ತರುಣರಷ್ಟು ಏರುವುದಿಲ್ಲ. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 64ರಿಂದ 73 ವರ್ಷದ ಆರೋಗ್ಯವಂತ ಗಂಡಸರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಆದರೆ ನಡೆಯುವಾಗ ಉಸಿರಿಗೆ ಆಜ್ಞೆ ಬರುವುದು ರಕ್ತದಲ್ಲಿನ ಅನಿಲಗಳಿಂದ ಮಾತ್ರ ಅಲ್ಲ. ಕಾಲು ಎತ್ತು ಅಂತ ಹೇಳುವ ಮೆದುಳೇ ಉಸಿರನ್ನೂ ಏರಿಸುತ್ತದೆ, ಸ್ನಾಯುಗಳಿಂದ ಹೋಗುವ ನರಗಳೂ ಏರಿಸುತ್ತವೆ. ಅದಕ್ಕೇ ಮೊದಲ ಹೆಜ್ಜೆಗೇ ಉಸಿರು ಬದಲಾಗುತ್ತದೆ. ಜೊತೆಗೆ ವ್ಯರ್ಥ ಗಾಳಿ ಜಾಸ್ತಿ. ಹೀಗಾಗಿ ವ್ಯಾಯಾಮದಲ್ಲಿ ಹಿರಿಯರ ಉಸಿರು ಏರುತ್ತದೆ, ಕೂತಾಗ ಎಚ್ಚರಿಕೆಯ ಗಂಟೆ ಮಾತ್ರ ಮೆಲ್ಲಗೆ ಬಾರಿಸುತ್ತದೆ.

ಈ ಎರಡನೆಯದನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳಬೇಕು. ನ್ಯುಮೋನಿಯಾ ಆದರೂ, ಶ್ವಾಸನಾಳ ಬಿಗಿದರೂ ಕೆಲವು ಹಿರಿಯರಿಗೆ ಅದು ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಅವರು ಹೇಳಲಿಲ್ಲ ಅಂತ ನಾವು ಸುಮ್ಮನಿರಬಾರದು.

ಅವ್ವನ ಮಗಳು, ಜೇವರ್ಗಿ

ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ನಮ್ಮ ಅವ್ವನಿಗೆ 62. ಮದುವೆಯಾಗಿ ಬಂದಾಗಿನಿಂದ ಒಲೆಯ ಮುಂದೆಯೇ ಕೂತವಳು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸಿ ಹೊತ್ತು ಹೊತ್ತಿಗೆ ಜೋಳದ ರೊಟ್ಟಿ ಬಡಿದವಳು. ಅಡುಗೆಮನೆಗೆ ಒಂದೇ ಬೆಳಕಿಂಡಿ. ಗ್ಯಾಸ್ ಬಂದ ಮೇಲೂ ರೊಟ್ಟಿ ಮಾತ್ರ ಒಲೆಯ ಮೇಲೆಯೇ.

ಹೊಲದಿಂದ ಬರುವಾಗ ಕೂತು ಕೂತು ಬರಲು ಶುರು ಮಾಡಿದಳು. ತೋರಿಸಿದ ಕಡೆ "ವಯಸ್ಸಾಯ್ತು, ತೂಕ ಇಳಿಸಿ" ಅಂದು ಶಕ್ತಿಯ ಮಾತ್ರೆ ಕೊಟ್ಟು ಕಳಿಸಿದರು. ಒಂದು ಸಲವೂ ಊದಿಸಿ ನೋಡಲಿಲ್ಲ. ಕೊನೆಗೆ ಬೇರೆ ಊರಿನಲ್ಲಿ ಊದುವ ಪರೀಕ್ಷೆ ಮಾಡಿಸಿದಾಗ ಶ್ವಾಸನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಹೊಗೆಯಿಂದ ಬಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಂ ಕಿರಿದಾಗುವ ಕಾಯಿಲೆ ಅಂದರು. ಈಗ ಎಳೆದುಕೊಳ್ಳುವ ಔಷಧಿ ಇದೆ, ಓಡಾಡುತ್ತಾಳೆ. ಆದರೆ ಹೋದ ವರ್ಷಗಳು ಹೋದವು. ಬೀಡಿ ಸೇದದ ಹೆಂಗಸಿಗೂ ಈ ಕಾಯಿಲೆ ಬರುತ್ತದೆ. ಅವಳ ವಯಸ್ಸಿನ ಹೆಂಗಸರೆಲ್ಲ "ನಮಗೂ ಹಂಗ ಆಗ್ತದ" ಅನ್ನುತ್ತಾರೆ, ಆದ್ದರಿಂದ ಅದು ಸಹಜ ಅಂದುಕೊಂಡಿದ್ದೆವು. ಎಲ್ಲರ ಮನೆಯಲ್ಲೂ ಅದೇ ಒಲೆ ಇತ್ತು.

ಫಿಸಿಯೋ ಅಕ್ಕ, ಸೇಡಂ ರಸ್ತೆ

ತಂಗೀ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಒಲೆ ಮುಂದೆ ವರ್ಷಗಟ್ಟಲೆ ಕೂತ ಯಾವ ಹೆಂಗಸಿನ ದಮ್ಮನ್ನೂ ಊದುವ ಪರೀಕ್ಷೆ ಇಲ್ಲದೆ ವಯಸ್ಸು ಅಂತ ಬರೆಯಬಾರದು. ದಾಲ್ ಮಿಲ್ಲಿನಲ್ಲಿ, ಕಲ್ಲಿನ ಗಣಿಯಲ್ಲಿ ದೂಳು ಕುಡಿದವರಿಗೂ ಇದೇ ಮಾತು.

ಹೆಂಗಸರ ಬಗ್ಗೆ ಇನ್ನೊಂದು. ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ಅವರ ಗಾಳಿಕೊಳವೆಗಳು ಗಂಡಸರಿಗಿಂತ ಸಣ್ಣ. ಅದೇ ಕೆಲಸಕ್ಕೆ ಅವರು ತಮ್ಮ ಸಾಮರ್ಥ್ಯದ ದೊಡ್ಡ ಪಾಲು ಬಳಸಬೇಕಾಗುತ್ತದೆ. ವಯಸ್ಸು ಸೇರಿದಾಗ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಮುಂದಿನ ಉಸಿರು ಬರುತ್ತದೆ. ಎದೆ ತುಂಬಿಯೇ ಇರುತ್ತದೆ, ಮೇಲೆ ಮೇಲೆ ಎಳೆದಂತೆ ಆಗುತ್ತದೆ. ತುಟಿ ಮುಂದೆ ಮಾಡಿ, ಸೀಟಿ ಊದುವ ಹಾಗೆ ನಿಧಾನ ಬಿಟ್ಟರೆ ಆರಾಮ ಸಿಗುವುದು ಇದಕ್ಕೇ.

ಹೆಂಗಸರಲ್ಲಿ ರಕ್ತ ಕಡಿಮೆ ಇರುವುದನ್ನೂ ಮರೆಯಬೇಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಆಕ್ಸಿಮೀಟರ್ 98 ತೋರಿಸುತ್ತದೆ, ಯಾಕಂದರೆ ಅದು ಇರುವ ರಕ್ತದಲ್ಲಿ ಶೇಕಡಾ ಎಷ್ಟು ತುಂಬಿದೆ ಅಂತ ಹೇಳುತ್ತದೆಯೇ ಹೊರತು ರಕ್ತ ಎಷ್ಟಿದೆ ಅಂತ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಾಗಿ ಬರದೆ ಬರೀ ದಮ್ಮಾಗಿ ಬರುವುದೂ ಉಂಟು.

ಹಾಗಾದರೆ ವಯಸ್ಸಿನ ದಮ್ಮನ್ನು ಕಾಯಿಲೆಯ ದಮ್ಮಿನಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ನನ್ನ ಮುಖ್ಯ ಮಾತು ಇದೊಂದೇ: ವಯಸ್ಸು ಬಹಳ ನಿಧಾನ. ಅದು ವರ್ಷಗಳಲ್ಲಿ ಬದಲಾಯಿಸುತ್ತದೆ, ವಾರಗಳಲ್ಲಿ ಅಲ್ಲ. ದೀಪಾವಳಿಗೆ ಆರಾಮಾಗಿ ಹತ್ತಿದ ಮೆಟ್ಟಿಲು ಯುಗಾದಿಗೆ ಆಗುತ್ತಿಲ್ಲ ಅಂದರೆ ಅದು ವಯಸ್ಸಲ್ಲ. ಜೊತೆಯ ವಯಸ್ಸಿನವರ ಜೊತೆ ಸಮತಟ್ಟಿನಲ್ಲೂ ಹೆಜ್ಜೆ ಹಾಕಲು ಆಗದಿದ್ದರೆ, ನೂರು ಮೀಟರಿಗೆ ನಿಲ್ಲಬೇಕಾದರೆ, ಅದು ವಯಸ್ಸಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ದಮ್ಮು ಹತ್ತಿ ಎದ್ದು ಕೂರುವುದು, ಕಾಲು ಬಾವು, ಎದೆ ಬಿಗಿತ, ವಾರಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ, ಇವು ಯಾವುವೂ ವಯಸ್ಸಲ್ಲ. ನಡೆಯುವಾಗ ಆಕ್ಸಿಮೀಟರ್ ನಾಲ್ಕು ಅಂಕಿ ಅಥವಾ ಅದಕ್ಕಿಂತ ಜಾಸ್ತಿ ಇಳಿದರೂ ತೋರಿಸಬೇಕು. ನೋಡುವಾಗ ಕೈ ಅಲ್ಲಾಡಬಾರದು, ಉಗುರಿಗೆ ಬಣ್ಣ ಇರಬಾರದು.

ಗಣಿತದ ಮೇಷ್ಟ್ರು, ಬ್ರಹ್ಮಪುರ

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದೇ, 2020ರ ಮಾರ್ಚ್‌ನಲ್ಲಿ. ಆಮೇಲೆ ಮನೆಮನೆಗೂ ಆಕ್ಸಿಮೀಟರ್ ಬಂತು, ಉಸಿರು ಎಳೆದು ಮೇಲೆ ಏಳಿಸುವ ಮೂರು ಗೋಲಿ ಇರುವ ಡಬ್ಬಿಯೂ ಬಂತು. ನಮ್ಮ ಮನೆಯಲ್ಲಿ ಎರಡನೇ ಗೋಲಿ ಏಳುತ್ತದೆ, ಮೂರನೆಯದು ಏಳುವುದಿಲ್ಲ. ಅಂದರೆ ನನ್ನ ಶ್ವಾಸಕೋಶ 900 ಅಂತಲಾ? ಅದನ್ನು ದಿನಾ ಮಾಡಿದರೆ ನಡಿಗೆಗೆ ಉಪಯೋಗ ಇದೆಯಾ?

ಫಿಸಿಯೋ ಅಕ್ಕ, ಸೇಡಂ ರಸ್ತೆ

ಮೇಷ್ಟ್ರೇ, ಅದರ ಮೇಲಿನ 600, 900, 1200 ಅನ್ನುವುದು ಶ್ವಾಸಕೋಶದ ಅಳತೆ ಅಲ್ಲ. ಸೆಕೆಂಡಿಗೆ ಎಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆದಿರಿ ಅನ್ನುವುದು. ಒಮ್ಮೆಗೇ ಜೋರಾಗಿ ಎಳೆದರೆ ಮೂರೂ ಏಳುತ್ತವೆ, ಆದರೆ ಅದು ಸರಿಯಾದ ವಿಧಾನ ಅಲ್ಲ. ಒಂದೋ ಎರಡೋ ಗೋಲಿಯನ್ನು ಮೇಲೆ ಹಿಡಿದು ನಿಲ್ಲಿಸುವಷ್ಟು ನಿಧಾನ, ಉದ್ದ ಎಳೆಯಬೇಕು. ಅದನ್ನು ಮಾಡಿರುವುದು ಆಪರೇಷನ್ ಆದವರು, ಮಲಗಿಯೇ ಇದ್ದವರು ಆಳವಾಗಿ ಉಸಿರಾಡಲಿ ಅಂತ. ಊದುವುದಲ್ಲ, ಎಳೆಯುವುದು, ಇದನ್ನು ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಉಸಿರಿನ ಸ್ನಾಯುವಿಗೆ ಬಲ ತರಲು ತಡೆ ಒಡ್ಡುವ ಬೇರೆ ಸಾಧನ ಇದೆ, ಅದನ್ನು ಒಬ್ಬರ ಬಲ ಅಳೆದು ಕೊಡಬೇಕು. ನಿಮ್ಮ ಮೇಲ್ಸೇತುವೆ ಈ ಡಬ್ಬಿಗಿಂತ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕೋಟೆ ಬೆಟ್ಟ, ಯಾದಗಿರಿ

ಮೊದಲ ಪೋಸ್ಟಿನಲ್ಲಿ ಬಿಪಿ ಮಾತ್ರೆ ಅಂತ ಇದೆ. ಯಾವ ಮಾತ್ರೆ ಅಂತ ನೋಡಿ. ನನಗೆ ಮೆಟೊಪ್ರೊಲಾಲ್ ಇದೆ. ಯಾದಗಿರಿ ಕೋಟೆ ಹತ್ತುವಾಗ ಕೈಗಡಿಯಾರದಲ್ಲಿ ಬಡಿತ 110 ದಾಟುವುದೇ ಇಲ್ಲ, ಆದರೆ ಬಾಯಿಂದ ಮಾತು ಹೊರಡುವುದಿಲ್ಲ. ವ್ಯಾಯಾಮದಲ್ಲಿ ಬಡಿತ ಎಷ್ಟಿರಬೇಕು ಅನ್ನಲು 220ರಿಂದ ವಯಸ್ಸು ಕಳೆದು ಅದರ ಇಷ್ಟು ಪಾಲು ಅನ್ನುವ ಲೆಕ್ಕ ನನಗೆ ಕೂರುವುದೇ ಇಲ್ಲ.

ಫಿಸಿಯೋ ಅಕ್ಕ, ಸೇಡಂ ರಸ್ತೆ

ಬಹಳ ಮುಖ್ಯ ವಿಷಯ ಎತ್ತಿದಿರಿ. ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳು ಬಡಿತ ಏರದಂತೆ ಹಿಡಿಯುತ್ತವೆ, ಅದು ಅವುಗಳ ಕೆಲಸವೇ. ಅದನ್ನು ತೆಗೆದುಕೊಳ್ಳುವವರು ಬಡಿತದ ಲೆಕ್ಕ ಬಿಟ್ಟು ಮಾತಿನ ಲೆಕ್ಕ ಇಟ್ಟುಕೊಳ್ಳಬೇಕು. ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಸರಿಯಾದ ವೇಗ. ಎರಡು ಪದಕ್ಕೆ ಉಸಿರು ತೆಗೆಯಬೇಕಾದರೆ ನಿಧಾನ ಮಾಡಿ. ಆಸ್ತಮಾ ಇರುವವರಿಗೆ ಈ ಮಾತ್ರೆಗಳಿಂದ ಕೆಲವೊಮ್ಮೆ ಉಸಿರು ಬಿಗಿಯಬಹುದು, ಡಾಕ್ಟರಿಗೆ ಹೇಳಿ. ಯಾರೂ ತಾವಾಗಿ ಒಮ್ಮೆಗೇ ನಿಲ್ಲಿಸಬೇಡಿ, ಅದು ಅಪಾಯ.

ಗಾರ್ಡನ್ ಗೇಟ್, ಕಲಬುರಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಪೂರ್ತಿ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಡಲ್ಲಾಸ್‌ನ ಐದು ಮಂದಿಯ ಕಥೆಯನ್ನು ಎರಡು ಸಲ ಓದಿಸಿಕೊಂಡರು. ಮಾತ್ರೆ ನೋಡಿದೆ, ಅಮ್ಲೋಡಿಪಿನ್. ಹಿಮೋಗ್ಲೋಬಿನ್ ನೋಡಿಸಿರಲಿಲ್ಲ, ಈಗ ನೋಡಿಸುತ್ತೇವೆ. ಈ ವಾರ ಶುರುವಿನಲ್ಲಿ ನಿಧಾನ ನಡೆದು ನೋಡಿದೆವು. ಮಾತು ನಿಲ್ಲಲಿಲ್ಲ. ಇನ್ನು ಎರಡೇ ಪ್ರಶ್ನೆ. ವಾರಕ್ಕೆ ಎಷ್ಟು ನಡೆಯಬೇಕು? ಮೇ ತಿಂಗಳಲ್ಲಿ ಏನು ಮಾಡುವುದು?

ಫಿಸಿಯೋ ಅಕ್ಕ, ಸೇಡಂ ರಸ್ತೆ

ಅಮ್ಲೋಡಿಪಿನ್ ಬಡಿತವನ್ನು ಆ ತರಹ ಹಿಡಿಯುವುದಿಲ್ಲ, ಒಳ್ಳೆಯದು. ಅದರಿಂದ ಕೆಲವರಿಗೆ ಪಾದ ಬಾಯುವುದುಂಟು. ಕಾಲು ಬಾವು ಕಂಡರೆ ಮಾತ್ರೆಯದು ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸಿ.

ವಾರಕ್ಕೆ ಒಟ್ಟು 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕೆಳಗಿನ ಮಿತಿ, ಹಿರಿಯರಿಗೂ ಅಷ್ಟೇ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷಕ್ಕೆ ಒಡೆಯಿರಿ. ನಡುವೆ ಬೆಂಚಿನ ಮೇಲೆ ಕೂತರೆ ತಪ್ಪಿಲ್ಲ. ದಮ್ಮು ಹತ್ತಿದಾಗ ಮುಂದೆ ಬಾಗಿ ಎರಡೂ ಕೈ ತೊಡೆಯ ಮೇಲೆ ಊರಿದರೆ ಬೇಗ ತಣಿಯುತ್ತದೆ. ವಾರಕ್ಕೆ ಎರಡು ದಿನವಾದರೂ ಕುರ್ಚಿಯ ವ್ಯಾಯಾಮ ಇರಲಿ.

ಮೇ ತಿಂಗಳು ಬೇರೆ ಮಾತು. ನಮ್ಮಲ್ಲಿ 42, 43 ಡಿಗ್ರಿ ದಾಟುತ್ತದೆ. ಬಿಸಿಗೆ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಹೃದಯ ಜಾಸ್ತಿ ಬಡಿಯಬೇಕು, ಅದೇ ನಡಿಗೆಗೆ ಉಸಿರೂ ಏರುತ್ತದೆ. ಹಿರಿಯರಿಗೆ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ ಬನ್ನಿ. ಸಂಜೆ ಕಲ್ಲು, ಡಾಂಬರು ಇನ್ನೂ ಕಾವು ಕಾರುತ್ತಿರುತ್ತವೆ, ಆಗ ಬೇಡ. ಮುಂಜಾನೆ ತಪ್ಪಿದ ದಿನ ಮನೆಯ ಪಡಸಾಲೆಯಲ್ಲೇ ನಡೆಯಲಿ, ಕುರ್ಚಿಯಿಂದ ಎದ್ದು ಕೂರಲಿ. ಹಿಮೋಗ್ಲೋಬಿನ್ ರಿಪೋರ್ಟ್ ಬಂದಾಗ ಇಲ್ಲೇ ಹಾಕಿ, ಹೆಸರಿನ ಭಾಗ ಮುಚ್ಚಿ.